“ಬೇರೆ ಸೀಟು ಸಿಗಲಿಲ್ವಾ?”

ಎಂಬಿಬಿಎಸ್ ಮುಗಿಸಿದ ಹುಡುಗಿ ಎಂಡಿಗೆ ಮನೋವೈದ್ಯಕೀಯ ಆರಿಸಿಕೊಂಡರೆ ರಾಜಾಜಿನಗರವಾಗಲಿ ಕೆಂಗೇರಿಯಾಗಲಿ, ನೆಂಟರು ಕೇಳುವ ಮಾತು ಒಂದೇ: “ಯಾಕಮ್ಮಾ, ಬೇರೆ ಸೀಟು ಸಿಗಲಿಲ್ವಾ?” ಅವಳು ನಿಜವಾದ ಡಾಕ್ಟರಲ್ಲ, ‘ಹುಚ್ಚರ ಡಾಕ್ಟರು’ ಎಂಬ ತೀರ್ಮಾನ ಆ ಪ್ರಶ್ನೆಯೊಳಗೇ ಇದೆ.

ಆ ತೀರ್ಮಾನ ತಪ್ಪು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಅದರ ಮೇಲೆ 3 ವರ್ಷ ಎಂಡಿ ಓದಿದವರು. ಸದಾ ಸುಸ್ತು, ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಬಂದವರಿಗೆ ಮೊದಲು ಥೈರಾಯ್ಡ್ ಪರೀಕ್ಷೆ ಬರೆದುಕೊಡುವುದುಂಟು. ಥೈರಾಯ್ಡ್ ಕಡಿಮೆಯಾದಾಗಲೂ ಮನಸ್ಸು ಹೀಗೇ ಕುಗ್ಗುತ್ತದೆ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಕೊಟ್ಟರಂತೂ ರಕ್ತದಲ್ಲಿ ಅದರ ಮಟ್ಟ, ಕಿಡ್ನಿಯ ಸ್ಥಿತಿ ಎರಡನ್ನೂ ಆಗಾಗ ನೋಡುತ್ತಿರಬೇಕು. ಪ್ರಮಾಣ ತುಸು ಏರಿದರೂ ಅಪಾಯ ತರುವ ಔಷಧಿ ಅದು. ಇಷ್ಟು ಹೊಣೆ ಹೊತ್ತವರನ್ನು ‘ಮಾತಾಡಿ ಕಳಿಸೋರು’ ಅನ್ನುವುದು ಅನ್ಯಾಯ.

ಜಗಳಕ್ಕೆ ಬಿದ್ದರೆ “ನಿಮ್ಹಾನ್ಸ್ ಕೇಸು” ಎನ್ನುವುದು ಬೆಂಗಳೂರಿನ ಚಾಳಿ. ಆದರೆ ಮೈಸೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನೂ, ಲಕ್ವ ಹೊಡೆದವರನ್ನೂ, ಫಿಟ್ಸ್ ಬರುವ ಮಕ್ಕಳನ್ನೂ ಕರೆದೊಯ್ಯುವುದು ಆ ಆಸ್ಪತ್ರೆಗೇ. ಅದರ ಮೂಲ ಸಂಸ್ಥೆಗಿದ್ದ ‘ಲುನಾಟಿಕ್ ಅಸೈಲಂ’ ಎಂಬ ಹೆಸರನ್ನು ಮೈಸೂರು ಸರ್ಕಾರ 1925ರಲ್ಲೇ ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಿಸಿತು. ಸರ್ಕಾರ ನೂರು ವರ್ಷದ ಹಿಂದೆ ಬಿಟ್ಟದ್ದನ್ನು ನಮ್ಮ ಬೀದಿಗಳು ಇನ್ನೂ ಬಿಟ್ಟಿಲ್ಲ.

“ಅಂಥವರ ಜೊತೆ ಇದ್ದೂ ಇದ್ದೂ ಡಾಕ್ಟರಿಗೂ ಹಿಡಿಯುತ್ತೆ” ಎಂಬುದು ಇನ್ನೊಂದು ನಂಬಿಕೆ. ಮಾನಸಿಕ ಕಾಯಿಲೆ ಅಂಟುರೋಗವಲ್ಲ. ವೈದ್ಯರಿಗೂ ಖಿನ್ನತೆ ಬರಬಹುದು, ಹೃದಯತಜ್ಞರಿಗೆ ಬಿಪಿ ಬಂದ ಹಾಗೆ.

ಕರೆಂಟ್ ಶಾಕ್ ಕೊಟ್ಟು ಹಿಂಸಿಸುವವರು ಎಂಬ ಚಿತ್ರ ಸಿನಿಮಾದ ಕೊಡುಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇಸಿಟಿ, ಅಂದರೆ ಈ ಶಾಕ್ ಚಿಕಿತ್ಸೆ, ಮಾಡುವಂತಿಲ್ಲ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ, ಮನಸ್ಸಿನ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಸಲು ಅದೇ ಸಿನಿಮಾವನ್ನು ಬಳಸಿದರು. ‘ಕಾಡಿನ ಬೆಂಕಿ’ ಚಿತ್ರದ ಹಿಂದೆ ಇದ್ದವರು ಅವರೇ.

ವಿಜಯನಗರದ ಕಲ್ಯಾಣ ಮಂಟಪದಲ್ಲಿ ಎದುರಾದ ಮನೋವೈದ್ಯರು ತಮ್ಮ ರೋಗಿಯನ್ನು ಗುರುತಿದ್ದೂ ಮಾತಾಡಿಸದೆ ಹೋದರೆ ಅದನ್ನು ಜಂಬ ಅಂದುಕೊಳ್ಳುವವರಿದ್ದಾರೆ. ತಾವು ಮಾತಾಡಿಸಿದರೆ “ಇವರು ನಿಮಗೆ ಹೇಗೆ ಪರಿಚಯ?” ಎಂದು ಪಕ್ಕದವರು ಕೇಳುತ್ತಾರೆ, ರೋಗಿ ಉತ್ತರಕ್ಕೆ ತಡವರಿಸುತ್ತಾರೆ ಎಂದು ವೈದ್ಯರಿಗೆ ಗೊತ್ತು. ಚಿಕಿತ್ಸೆಯ ಗುಟ್ಟು ಕಾಪಾಡುವುದು 2017ರ ಅದೇ ಕಾಯ್ದೆ ರೋಗಿಗೆ ಕೊಟ್ಟ ಹಕ್ಕೂ ಹೌದು.

ಡಾಕ್ಟರಿಗೆ ಅಂಟಿಸಿದ ಹೆಸರು ರೋಗಿಯ ಕಾಲನ್ನೂ ಹಿಂದಕ್ಕೆಳೆಯುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರ ಪೈಕಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಕಳಂಕದ ಭಯ ಅದರ ಕಾರಣಗಳಲ್ಲೊಂದು. ಕ್ಲಿನಿಕ್ಕಿನ ಮೆಟ್ಟಿಲು ಹತ್ತಲು ಅಳುಕುವವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.