ಚೆಲ್ಲುವ ಟೊಮೇಟೊದಿಂದ ಎಥನಾಲ್ ಬಂದೀತೇ?

ಬೆಲೆ ಬಿದ್ದಾಗ ಒಡ್ಡನ್‌ಛತ್ರಂ ಮಾರುಕಟ್ಟೆಗೆ ಒಯ್ದ ಟೊಮೇಟೊವನ್ನು ದಾರಿಬದಿಗೆ ಸುರಿದು ಬರುವ ಸಂಕಟ ನಮಗೆಲ್ಲ ಗೊತ್ತು. ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಇದರಿಂದಲೇ ತೆಗೆಯಬಾರದೇಕೆ ಎಂದು ರೈತಬಾಂಧವರು ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ.

ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು, ಅದರ ತೂಕದ ಸುಮಾರು ಅರ್ಧದಷ್ಟನ್ನು ಮದ್ಯಸಾರವಾಗಿಯೂ ಉಳಿದುದನ್ನು ಅನಿಲವಾಗಿಯೂ ಬಿಡುತ್ತದೆ. ಹುದುಗಿದ ಆ ರಸವನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿದರೆ ಎಥನಾಲ್. ಆದ್ದರಿಂದ ಸಕ್ಕರೆ ಎಷ್ಟೋ ಇಂಧನವೂ ಅಷ್ಟೇ.

ಟೊಮೇಟೊದಲ್ಲಿ ನೂರಕ್ಕೆ 94 ಪಾಲು ನೀರು. ಸಕ್ಕರೆ ಹೆಚ್ಚೆಂದರೆ 3 ಪಾಲು. 100 ಕಿಲೋ ಹಣ್ಣಿಗೆ 2 ಲೀಟರೂ ತುಂಬದು. ಸೌದೆಯ ಖರ್ಚೂ ಹುಟ್ಟದು. ಮೆಕ್ಕೆಜೋಳದ ಮಾತು ಬೇರೆ. ಅದರ ಪಿಷ್ಟವನ್ನು ಬೇಯಿಸಿ, ಕಿಣ್ವ ಬೆರೆಸಿ ಸಕ್ಕರೆಯಾಗಿಸಿ ಹುದುಗಿಸಿದರೆ 100 ಕಿಲೋ ಕಾಳಿಗೆ ಸುಮಾರು 38 ಲೀಟರ್ ಸಿಗುತ್ತದೆ. ದಂಟು, ಹುಲ್ಲಿನಲ್ಲಿಯೂ ಸಕ್ಕರೆ ಅಡಗಿದೆ; ಅದನ್ನು ಬಿಡಿಸಲು ದೊಡ್ಡ ಕಾರ್ಖಾನೆಯೇ ಬೇಕು. ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಅಂಥದೊಂದು 2022ರಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಆರಂಭವಾಯಿತು.

ಮನೆಯಲ್ಲಿ ಭಟ್ಟಿ ಹೂಡುವ ಆಸೆ ಬೇಡ. ಅದು ಕಾನೂನಿಗೆ ವಿರುದ್ಧ. ಬೆಂಕಿಯ ಭಯವೂ ಉಂಟು. ಅಲ್ಲದೆ ನೀರಿನಂಶ ಉಳಿದ ಮದ್ಯಸಾರ ಪೆಟ್ರೋಲಿನೊಡನೆ ಸರಿಯಾಗಿ ಹೊಂದುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಜೋಳದ ಕಾಳನ್ನು ಚೆನ್ನಾಗಿ ಒಣಗಿಸಿ ಮಾರೋಣ; ದಂಟು ದನಗಳಿಗಿರಲಿ. ಮಾರಾಟವಾಗದ ಟೊಮೇಟೊವನ್ನು ಜಜ್ಜಿ, ಸಗಣಿಯೊಡನೆ ಸ್ವಲ್ಪಸ್ವಲ್ಪವಾಗಿ ಗೋಬರ್ ಗ್ಯಾಸ್ ಗುಂಡಿಗೆ ಹಾಕೋಣ. ಒಮ್ಮೆಲೇ ಸುರಿದರೆ ಗುಂಡಿ ಹುಳಿಯೇರಿ ಅನಿಲ ನಿಂತೀತು. ಹದವರಿತು ಹಾಕಿದರೆ ಒಲೆಗೆ ಉರಿ, ಹೊಲಕ್ಕೆ ಗೊಬ್ಬರ.