ಚೌಕಾಬಾರ ಮತ್ತು ಮೊಬೈಲು

ಕುಳಿತಾಡುವ ಆಟವೆಂದರೆ ಕಾಲಹರಣವೆಂದು ಹಿರಿಯರು ಗದರಿಸುವುದುಂಟು. ಆದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳನ್ನು ತಾವೇ ರಚಿಸಿದರು. ಶ್ರೀತತ್ತ್ವನಿಧಿಯ 'ಕೌತುಕನಿಧಿ' ಎಂಬ ಭಾಗದಲ್ಲಿ ಆಟಗಳ ವಿವರ ಸೇರಿದೆ. ಅರಮನೆಯ ಆಟಗಳಿಗೆ ಹೀಗೆ ಬರಹದ ಆಸರೆ ದೊರೆಯಿತು. ಶಿಡ್ಲಘಟ್ಟದ ನಮ್ಮ ಜಗಲಿಯ ಚೌಕಾಬಾರಕ್ಕಾದರೋ ಅಜ್ಜಿಯ ನೆನಪೊಂದೇ ಆಸರೆ. ಅದನ್ನು ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಏರಿಸುವಾಗ ನಾನು ಕಲಿತುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಸೀಮೆಸುಣ್ಣದಿಂದ ನೆಲದ ಮೇಲೆ ಸಾಲಿಗೆ 5ರಂತೆ 25 ಮನೆಗಳನ್ನು ಬರೆಯಬೇಕು. ಒಬ್ಬೊಬ್ಬರಿಗೆ 4 ಕಾಯಿ. ಹೊರಸುತ್ತಿನ 16 ಮನೆಗಳನ್ನು ಬಳಸಿ, ದಿಕ್ಕು ಬದಲಿಸಿ ಒಳಸುತ್ತಿನ 8 ಮನೆಗಳನ್ನು ದಾಟಿ, ನಡುಮನೆ ಸೇರಿದ ಕಾಯಿ 'ಹಣ್ಣು'. 4 ಕವಡೆಗಳಲ್ಲಿ ಅಂಗಾತ ಬಿದ್ದವನ್ನು ಎಣಿಸಬೇಕು. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಇವೆರಡಕ್ಕೂ ಮತ್ತೊಂದು ಗರ ಉಂಟು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದಿಟ್ಟುಕೊಂಡರೆ, 16ರಲ್ಲಿ 6 ಸಲ ಎರಡು ಬೀಳಬೇಕು. ಚೌಕ, ಬಾರಗಳು ಒಂದೊಂದೇ ಸಲ. ಆದುದರಿಂದ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲುವುದೇ ಎಲ್ಲಕ್ಕಿಂತ ಅಪಾಯ.

ಇನ್ನು ಚಿತ್ರಣದ ಮಾತು. ಮೊದಲ ದಿನ ಎದುರಿನಿಂದ ಚಿತ್ರಿಸಿದೆ. ಅಜ್ಜಿಯ ಕೈಯೇ ಮನೆಗಳನ್ನು ಮುಚ್ಚಿತು. ಮರುದಿನ ಎರಡು ಸ್ಟೂಲುಗಳ ಮೇಲೆ ಹಲಗೆಯಿಟ್ಟು, ಅದರ ಅಂಚಿನಿಂದ ಮೊಬೈಲು ನೇರ ಕೆಳಗೆ ನೋಡುವಂತೆ ಕಟ್ಟಿದೆ. ದೀಪ ತಲೆಯ ಮೇಲಿದ್ದರೆ ಮೊಬೈಲಿನ ನೆರಳೇ ಆಟದ ಮೇಲೆ ಬೀಳುತ್ತದೆ. ಬಾಗಿಲಿನ ಬೆಳಕು ಲೇಸು. ಫ್ಯಾನನ್ನು ನಿಲ್ಲಿಸಿ, ಧ್ವನಿಗಾಗಿ ಇನ್ನೊಂದು ಮೊಬೈಲನ್ನು ಅಜ್ಜಿಯ ಬಳಿ ಇಡಬೇಕು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಧ್ವನಿಯನ್ನೂ ಚಿತ್ರವನ್ನೂ ಹೊಂದಿಸುವುದು ಸುಲಭ. 40 ನಿಮಿಷದ ಆಟವನ್ನು 8 ನಿಮಿಷಕ್ಕೆ ಇಳಿಸುವಾಗ, ಗರ ಹಾಕಿದ್ದನ್ನೂ ಬಿದ್ದದ್ದನ್ನೂ ನಡುವೆ ಕತ್ತರಿಸಬಾರದು. ನೋಡುವವರಿಗೆ ಸಂಶಯ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ದೊಡ್ಡ ತಪ್ಪೊಂದು ಉಳಿದಿತ್ತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂದೂ, ಇದೇ ಸರಿಯಾದ ನಿಯಮವೆಂದೂ ಹೇಳಿಬಿಟ್ಟಿದ್ದೆ. ಗೌರಿಬಿದನೂರಿನ ಗೆಳೆಯನು, "ನಮ್ಮ ಮನೇಲಿ ಹಾಗಿಲ್ಲಪ್ಪ, ಹೊಡೀದೇನೂ ಹೋಗಬಹುದು. ನಮ್ಮಜ್ಜಿ ಆಡಿದ್ದು ತಪ್ಪಾ?" ಎಂದು ಕೇಳಿದನು. ನನಗೆ ಉತ್ತರ ತೋಚಲಿಲ್ಲ. ಬಾಯಿಂದ ಬಾಯಿಗೆ ಬಂದ ಆಟಕ್ಕೆ ಮನೆಗೊಂದು ನಿಯಮವಿರುವುದು ಸಹಜ. ಆದರೆ ವಿಡಿಯೋ ಕಂಡ ಮಗು ನಾಳೆ ತನ್ನ ಅಜ್ಜಿಯನ್ನೇ ತಿದ್ದಬಹುದು. ಉಳಿಸಲು ಹೊರಟವನೇ ಅಳಿಸಿದಂತಾಯಿತು! ಆ ಮಾತನ್ನು ತೆಗೆದು, "ಇದು ನಮ್ಮ ಮನೆಯ ಪದ್ಧತಿ" ಎಂದು ಮತ್ತೆ ಧ್ವನಿ ಕೊಟ್ಟು, ಗೆಳೆಯನ ಮನೆಯ ಪದ್ಧತಿಯನ್ನೂ ಸೇರಿಸಿದೆ.

ಇದರಿಂದ ಹಣ ಬರುವುದೇ ಎಂದು ಹಲವರು ಕೇಳುತ್ತಾರೆ. ಉದ್ದನೆಯ ವಿಡಿಯೋಗಳಿಂದ ಜಾಹೀರಾತಿನ ಪಾಲು ಪಡೆಯಬೇಕಾದರೆ 1,000 ಚಂದಾದಾರರೂ, 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. 8 ನಿಮಿಷದ ವಿಡಿಯೋವನ್ನು 30,000 ಸಲ ಪೂರ್ತಿಯಾಗಿ ನೋಡಿದರೆ ಆ ಲೆಕ್ಕ ತುಂಬುತ್ತದೆ. ನನ್ನದನ್ನು ನೋಡಿದವರು ಇನ್ನೂರು ಮಂದಿಯೂ ಇಲ್ಲ.

ಆದರೂ ನಷ್ಟವಾಯಿತೆಂದು ನನಗೆ ಅನಿಸಿಲ್ಲ. ಅಜ್ಜಿಗೆ ಈಗ ಕಣ್ಣು ಮಂಜು. ಕವಡೆ ಎಣಿಸಲು ನಾವೇ ಬೇಕು. ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಕಡೆಯ ಸಹಪಾಠಿಗಳು ಬರುವ ರಜೆಯಲ್ಲಿ ತಮ್ಮ ಮನೆಯ ಹಿರಿಯರೊಡನೆ ಒಂದಾಟ ಆಡಿ, ಅವರ ನಿಯಮವನ್ನು ಅವರ ಮಾತಿನಲ್ಲೇ ಹಿಡಿದಿಡಲಿ. ಹಲಗೆಯನ್ನೂ ಸ್ಟೂಲುಗಳನ್ನೂ ನಾನು ಕೊಡುತ್ತೇನೆ.