ಗದಗ ಸೀಮೆಯ ಹೊಸ್ತಿಲು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಅನೇಕ ಮನೆಗಳಲ್ಲಿ ದಿನದ ಮೊದಲ ಪೂಜೆ ಸಲ್ಲುವುದು ಹೊಸ್ತಿಲಿಗೆ. ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಹಾಕಿ, ಹೊಸ್ತಿಲು ತೊಳೆದು ಅರಿಸಿನ ಬಳಿದು, ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ಮಂಗಳವಾರ, ಶುಕ್ರವಾರವಂತೂ ಇದನ್ನು ತಪ್ಪಿಸುವಂತಿಲ್ಲ. ಹೊಸ್ತಿಲನ್ನು ದಾಟಬೇಕು, ತುಳಿಯಬಾರದು. ಮುಸ್ಸಂಜೆ ಅದರ ಮೇಲೆ ಕೂರಬಾರದು. ಅದು ಲಕ್ಷ್ಮಿ ಒಳಬರುವ ದಾರಿ ಎನ್ನುತ್ತಾರೆ. ನರಸಿಂಹ ಹಿರಣ್ಯಕಶಿಪುವನ್ನು ಕೊಂದ ಜಾಗ ಎಂದೂ ಹಿರಿಯರು ಹೇಳುತ್ತಾರೆ.

ಈ ಹೊಣೆ ಮನೆ ಕಟ್ಟುವಾಗಲೇ ಶುರುವಾಗುತ್ತದೆ. ತಲಬಾಗಿಲ ಚೌಕಟ್ಟು ನಿಲ್ಲಿಸಲು ಮುಹೂರ್ತ ನೋಡಿ, ಹೊಸ್ತಿಲ ಕೆಳಗೆ ನವಧಾನ್ಯ, ನಾಣ್ಯ ಇಟ್ಟು, ಬಡಿಗರಿಗೆ ಆಯಾರ ಮಾಡುತ್ತಾರೆ.

ಬಾಗಿಲಿಗೆ ದೊಡ್ಡ ಸಂಭ್ರಮ ಬರುವುದು ದೀಪಾವಳಿಯ ಪಾಡ್ಯದ ದಿನ. ಹಸಿ ಸಗಣಿಯಿಂದ ಗೋಪುರದಂಥ ಪುಟ್ಟ ಮುದ್ದೆ ಕಟ್ಟಿ, ಉತ್ತರಾಣಿ ಕಡ್ಡಿ, ಚೆಂಡು ಹೂ, ಹುಚ್ಚೆಳ್ಳಿನ ಹೂ ಸಿಗಿಸಿ ಬಾಗಿಲ ಎರಡೂ ಬದಿಗೆ ಕೂಡಿಸುತ್ತಾರೆ. ಇವರೇ ಪಾಂಡವರು. ಪೂಜೆ ಮುಗಿದ ಮೇಲೆ ಅವರನ್ನು ಮಾಳಿಗೆಗೆ ಏರಿಸುವವರೂ ಉಂಟು.

ಈ ಸೀಮೆಯ ಶಿಲ್ಪಿಗಳಿಗೂ ಬಾಗಿಲೆಂದರೆ ಅಕ್ಕರೆ. ಗದಗಿಗೆ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದ್ವಾರಬಂಧ ಪಟ್ಟಿಪಟ್ಟಿಯಾಗಿ ಬಳ್ಳಿ, ಸಣ್ಣ ಮೂರ್ತಿಗಳಿಂದ ತುಂಬಿದೆ. ಇಷ್ಟು ನಯವಾದ ಕೆತ್ತನೆ ಸಾಧ್ಯವಾದದ್ದು ಮೃದುವಾದ ಬಳಪದ ಕಲ್ಲಿನಿಂದ. ಚಾಲುಕ್ಯರ ಬಾಗಿಲುವಾಡಗಳ ನಡುನೆತ್ತಿಯಲ್ಲಿ ಹಲವೆಡೆ ಗಜಲಕ್ಷ್ಮಿ ಕೂತಿರುತ್ತಾಳೆ. ಕಲ್ಲಿನ ಈ ಕೆಲಸವನ್ನು ನೋಡಲು ದೂರದಿಂದ ಜನ ಬರುತ್ತಾರೆ. ದಿನವೂ ಅಳಿಸಿ ದಿನವೂ ಮೂಡುವ ಹೆಂಗಸರ ಕೈಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಯೆಹೂದಿಗಳಿಗೂ ಬಾಗಿಲ ಮೇಲೆ ಇಂಥ ಧಾರ್ಮಿಕ ಹೊಣೆಯಿದೆ. ಅವರ ಮೆಝೂಝಾ ಎಂದರೆ ಚರ್ಮದ ಹಾಳೆಯ ಮೇಲೆ ಲಿಪಿಕಾರ ಕೈಯಾರೆ ಬರೆದ ತೋರಾದ ಎರಡು ಭಾಗ. ಅದನ್ನು ಸುರುಳಿ ಸುತ್ತಿ, ಕೊಳವೆಯಲ್ಲಿಟ್ಟು, ಒಳಹೋಗುವವರ ಬಲಕ್ಕೆ ಬರುವ ನಿಲುವಿಗೆ ಬಡಿಯುತ್ತಾರೆ. ಅಕ್ಷರ ಮಾಸಿದೆಯೇ ಎಂದು 7 ವರ್ಷಕ್ಕೆ 2 ಸಲ ಬಿಚ್ಚಿ ನೋಡಬೇಕು. ಅರಿಸಿನ ಮಾತ್ರ ಸಂಜೆಗೇ ಮಾಸುತ್ತದೆ, ಆದ್ದರಿಂದ ಇಲ್ಲಿನ ಕೆಲಸ ನಿತ್ಯದ್ದು.

ಬರಹ ಇಲ್ಲಿನ ಬಾಗಿಲಿಗೂ ಹೊಸದಲ್ಲ. ಲಿಂಗಾಯತರ ಮನೆಗಳಲ್ಲಿ ಓಂ ನಮಃ ಶಿವಾಯ, ಮುಸ್ಲಿಮರ ಮನೆಗಳಲ್ಲಿ 786 ಅಥವಾ ಕುರಾನಿನ ವಾಕ್ಯದ ಫಲಕ ಬಾಗಿಲ ಮೇಲೆ ಕಾಣುತ್ತವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಈ ಎರಡೂ ಬಗೆಯ ಮನೆಗಳಿಂದ ಭಕ್ತರು ಬರುತ್ತಾರೆ.

ಈಗಿನ ಹೊಸ ಮನೆಗಳಲ್ಲಿ ಕಟ್ಟಿಗೆಯ ಎತ್ತರದ ಹೊಸ್ತಿಲ ಬದಲು ಗ್ರಾನೈಟ್ ಪಟ್ಟಿ ಬಂದಿದೆ, ರಂಗೋಲಿಯ ಜಾಗಕ್ಕೆ ಸ್ಟಿಕ್ಕರ್ ಬಂದಿದೆ. ಅರಿಸಿನ, ಕುಂಕುಮ ಮಾತ್ರ ಗ್ರಾನೈಟ್ ಮೇಲೂ ಬೀಳುತ್ತಿವೆ.